ಕೂಡಿದ ಗಾಯದ ಸುದ್ದಿ

ಮೆಟೆಗನ್, ನೋವಾ ಸ್ಕೋಷಾ
ನವೆಂಬರ್ ೧೪

ಪ್ರೀತಿಯ ಓಡೆಟ್,

ನೀನೂ ನಿನ್ನ ಅಕ್ಕನೂ ಕ್ಷೇಮವೆಂದು ನಂಬಿದ್ದೇನೆ. ಈಸ್ಟರಿಗೆ ನೀನು ಕಳಿಸಿದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರಿಸಬೇಡ. ಗಂಡನಾದ ನನ್ನನ್ನು ಬಿಟ್ಟು ಹೋದ ಮೇಲೂ ಕಾರ್ಡು ಕಳಿಸುವವಳು ನೀನು. ನಾಲ್ಕು ಸಾಲಿಗೆ ಏಳು ತಿಂಗಳು ಹಿಡಿಸಿದವನು ನಾನು.

ಕರುಳಿನ ಹಳೇ ಕಾಯಿಲೆ, ಅದೇ ಕ್ರೋನ್ಸ್, ಮತ್ತೆ ಕೆರಳಿತ್ತು. ಹ್ಯಾಲಿಫ್ಯಾಕ್ಸಿನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಒಂದು ಗೇಣು ಕರುಳು ತೆಗೆದರು. ಗಾಬರಿಯಾಗಬೇಡ, ಆಗಿ ತಿಂಗಳಾಯಿತು.

ಆಗಸ್ಟಿನಲ್ಲೇ ಮುಗಿಯಬೇಕಿತ್ತು. ಆದರೆ ಸರ್ಜನ್, ಡಾಕ್ಟರ್ ಮಕಿನಿಸ್ ಎಂಬ ಚಿಕ್ಕ ವಯಸ್ಸಿನ ಹೆಂಗಸು, ಸ್ಟೆರಾಯ್ಡ್ ಮಾತ್ರೆ ಎಷ್ಟು ನುಂಗುತ್ತೀರಿ ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಇಷ್ಟು ತಗೊಳ್ತಿರೋವಾಗ ಕೊಯ್ದರೆ ಕೀವಾಗೋ ಭಯ ಜಾಸ್ತಿ. ಎರಡು ತಿಂಗಳು ತಡೀರಿ. ಮಾತ್ರೆ ಇಳಿಸೋಣ, ಮೈಗೂ ಸ್ವಲ್ಪ ಶಕ್ತಿ ಬರಲಿ.”

ಕೊನೆಯ ಆರು ವಾರ ಊಟವೇ ಇಲ್ಲ, ಡಬ್ಬಿಯ ಪೌಷ್ಟಿಕ ಪೇಯ ಮಾತ್ರ. ಚರ್ಚಿನ ಸಭಾಂಗಣದಲ್ಲಿ ಬಿಸಿಬಿಸಿ ಆಲೂಗಡ್ಡೆ ರಾಪ್ಯೂರ್ ಊಟವಿದ್ದ ದಿನವೂ ಡಬ್ಬಿ ಹಿಡಿದು ಹೋಗಿ ಕುಳಿತೆ, ನಾಲ್ಕು ಜನರ ಮಾತು ಕಿವಿಗೆ ಬೀಳಲೆಂದು. “ಏನೋ ಅನ್ಸೆಲ್ಮ್, ಈ ವಯಸ್ಸಲ್ಲಿ ಹಾಲು ಕುಡಿಯೋ ಕೂಸಾಗ್ಬಿಟ್ಯಾ?” ಎಂದು ದೋಣಿಯ ಜೊತೆಗಾರ ಝೊಯೆಲ್ ರೇಗಿಸಿದ. ನಾನೂ ನಕ್ಕೆ. ಆಮೇಲೆ ಎಲ್ಲರೂ ತಂತಮ್ಮ ತಟ್ಟೆಗೆ ತಿರುಗಿದರು.

ಕೊಯ್ಯುವ ಹಿಂದಿನ ದಿನ ಕರುಳು ತೊಳೆಯುವ ಔಷಧಿ ಕುಡಿದು, ಆಂಟಿಬಯೋಟಿಕ್ ನುಂಗಿ, ಆಸ್ಪತ್ರೆಯವರು ಕೊಟ್ಟ ಸೋಪಿನಲ್ಲಿ ಎರಡು ಸಲ ಸ್ನಾನ ಮಾಡಿದೆ. ಬೆನ್ನಿಗೆ ಕೈ ಎಟುಕಲಿಲ್ಲ.

ಮನೆಗೆ ಕಳಿಸುವಾಗ ನರ್ಸ್, ಗಾಯವನ್ನು ದಿನಾ ಯಾರು ನೋಡುತ್ತಾರೆ ಎಂದು ವಿಚಾರಿಸಿದಳು. ಕನ್ನಡಿ ಇದೆ ಎಂದೆ. ಎರಡು ವಾರಕ್ಕೆಲ್ಲ ಗಾಯ ಕೂಡಿತು. ಜ್ವರವಿಲ್ಲ, ಕೀವಿಲ್ಲ. ಅಂಗಿ ಎತ್ತಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ, ತೋರಿಸಲು ಯಾರೂ ಇರಲಿಲ್ಲ.

ದೇವರು ನಿನ್ನನ್ನು ತಂಪಾಗಿಟ್ಟಿರಲಿ.

ಅನ್ಸೆಲ್ಮ್

ತಾ.ಕ.: ಇದು ಮರೆತ ಮಾತಲ್ಲ, ಹೆದರಿ ಉಳಿಸಿಕೊಂಡದ್ದು. ಒಂಬತ್ತು ವರ್ಷದ ಹಿಂದೆ ಮೊದಲ ಸಲ ಕೊಯ್ಯುವ ಮುಂಚೆಯೂ ಮಾತ್ರೆಯ ಬಗ್ಗೆ ಕೇಳಿದ್ದರು. ಕೊಯ್ಯುವುದು ಮುಂದೆ ಹೋದರೆ ಲಾಬ್‌ಸ್ಟರ್ ಹಿಡಿಯುವ ಹಂಗಾಮು ತಪ್ಪುತ್ತದೆಂದು, ಮಾತ್ರೆ ಬಿಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಗಾಯ ಕೊಳೆತು ನಾಲ್ಕು ತಿಂಗಳು ಬಾಯಿಬಿಟ್ಟುಕೊಂಡಿತ್ತು. ದಿನಾ ಪಟ್ಟಿ ಬದಲಿಸುತ್ತಿದ್ದವಳು ನೀನು. “ನನ್ನ ಕೈಯಿಂದಲೇ ಹೀಗಾಯ್ತೇನೋ,” ಎಂದು ನೀನು ಅಳುತ್ತಿದ್ದೆ, ಚರ್ಮ ಬಿರಿಯುವಷ್ಟು ಕೈ ತೊಳೆಯುತ್ತಿದ್ದೆ. ಕಾರಣ ಗೊತ್ತಿದ್ದೂ ನಾನು ನೋಡುತ್ತ ಮಲಗಿದ್ದೆ. ನಿನ್ನ ಕೈ ಶುದ್ಧವಾಗಿತ್ತು, ಓಡೆಟ್.