ಯುವರಾಜನ ತಪ್ಪು, ಗುರುವಿನ ಮೂಗು

ನೈರೋಬಿ, ಜುಲೈ ೨೦೦೬

ಮಹಾರಾಜರಿಗೆ,

ಅಪ್ಪ ಎಂದು ಬರೆಯಲು ಕೈ ಬರಲಿಲ್ಲ. ಹೇಗೂ ನೀವು ಓದುವುದಿಲ್ಲ. ಸತ್ತು ಎರಡು ವರ್ಷವಾಯಿತು.

ಇವತ್ತು ಕಿಲೆಲೆಶ್ವಾದಲ್ಲಿ ನನ್ನ ಮಗಳು ಅಮೂಲ್ಯಾಳ ಶಾಲೆಯ ನಾಟಕವಿತ್ತು. ಪ್ರಾಚೀನ ಚೀನಾದ ಒಬ್ಬ ಯುವರಾಜನ ಕಥೆ. ಇವಳದು ಅವನ ಗುರುವಿನ ಪಾತ್ರ. ಯುವರಾಜ ಕಾನೂನು ಮುರಿದ. ಸೈನಿಕರು ಬಂದು ಗುರುವಿನ ಮೂಗು ಕೊಯ್ದರು. ಮುಂದಿನ ಸಾಲಿನಲ್ಲಿದ್ದ ನಿಮ್ಮ ಯುವರಾಜ, ಅಂದರೆ ನನ್ನ ತಮ್ಮ ಪ್ರಥಮ್, ಹೊಟ್ಟೆ ಹಿಡಿದುಕೊಂಡು ನಕ್ಕ. ನಗದೇ ಏನು ಮಾಡಿಯಾನು? ಅವನು ಗಣಿತದಲ್ಲಿ ಫೇಲಾದಾಗಲೆಲ್ಲ ಸ್ಕೇಲಿನ ಏಟು ಬಿದ್ದದ್ದು ಪಾಠ ಹೇಳಿಕೊಟ್ಟ ನನ್ನ ಕೈಗೆ.

"ನೀನು ಸರಿಯಾಗಿ ಹೇಳ್ಕೊಟ್ಟಿದ್ರೆ ಅವನ್ಯಾಕೆ ಫೇಲಾಗ್ತಿದ್ದ?" ಎನ್ನುತ್ತಿದ್ದಿರಿ.

ಎಂಥ ನ್ಯಾಯ! ಫ್ಯಾಕ್ಟರಿಯ ಮ್ಯಾನೇಜರಾಗಿ ಈ ಊರಿಗೆ ಬಂದವರು ಮನೆಯೊಳಗೆ ಚಕ್ರವರ್ತಿಯೇ ಆಗಿಬಿಟ್ಟಿರಿ.

"ತಪ್ಪು ಮಾಡಿದ್ದು ಯುವರಾಜ ಅಲ್ವೇನೇ?" ಎಂದು ನಾಟಕ ಮುಗಿದ ಮೇಲೆ ಅಮೂಲ್ಯಾಳನ್ನು ಕೇಳಿದೆ.

"ಯು ಕಾಂಟ್ ಪನಿಶ್ ದ ಪ್ರಿನ್ಸ್, ಅಮ್ಮ. ಹಿ ವಿಲ್ ಬಿ ಕಿಂಗ್," ಎಂದಳು, ಮೂಗಿನ ಕೆಂಪು ಬಣ್ಣ ಒರೆಸಿಕೊಳ್ಳುತ್ತಾ.

ಆಮೇಲೆ ಆ ಗುರು ಎಂಟು ವರ್ಷ ಬಾಗಿಲು ಹಾಕಿಕೊಂಡು ಮನೆಯೊಳಗೇ ಇದ್ದನಂತೆ. ನಾನೂ ಮದುವೆಯಾದ ಮೇಲೆ ಇದೇ ಊರಿನ ನ್ಗಾರಾದಲ್ಲಿದ್ದ ನಿಮ್ಮ ಮನೆಯತ್ತ ತಲೆ ಹಾಕಲಿಲ್ಲ. ನೀವಾಗಿ ಕರೆಯಲಿ ಎಂದು ಹಟ ಹಿಡಿದಿದ್ದೆ. ಆರನೇ ವರ್ಷ ಫೋನ್ ಬಂತು. ಮಾಡಿದವನು ಪ್ರಥಮ್, ನೀವು ಹೋದಿರೆಂದು ಹೇಳಲು. ಓಡಿ ಬಂದೆ. ಬಾಗಿಲು ಪೂರ್ತಿ ತೆರೆದಿತ್ತು. ಮೆಟ್ಟಿಲ ತುಂಬ ಬಂದವರ ಚಪ್ಪಲಿಗಳು. ನನ್ನವನ್ನು ಬಿಡಲು ಜಾಗವಿರಲಿಲ್ಲ.

ಮೈಥಿಲಿ