ತುಕ್ಕು ಹಿಡಿಸುವ ಕೈ

ಗೋಕಾಕ
24 ಅಕ್ಟೋಬರ್ 2024, ಗುರುವಾರ

ಮಗಳು ಶಿವಾನಿಗೆ ನಿನ್ನ ಅಪ್ಪ ವೀರಪ್ಪ ಮನಸಾರೆ ಮಾಡುವ ಆಶೀರ್ವಾದ.

ಇಲ್ಲಿ ನಾನು ಆರಾಮ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನು ಫೋನ್ ಮಾಡಿ ಒಂಬತ್ತು ದಿನವಾಯಿತು. ಇಷ್ಟು ದಿನ ಅಪ್ಪ ಬಾಯಿ ಹೊಲಿದುಕೊಂಡು ಕೂತಿದ್ದಾನೆ ಎಂದು ನಿನಗೆ ಸಿಟ್ಟು ಬಂದಿದ್ದರೆ ಅದು ಬರಬೇಕಾದದ್ದೇ. ತಡವಾದದ್ದಕ್ಕೆ ಕ್ಷಮಿಸು. ಫೋನಿನಲ್ಲಿ ನನ್ನ ನಾಲಿಗೆ ಬುದ್ಧಿಗಿಂತ ಮುಂದೆ ಓಡುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಸೋಮವಾರದೊಳಗೆ ನಿನ್ನ ಕೈ ಸೇರಬೇಕು.

ಅಂದು ನೀನು ಹೇಳಿದ್ದು ಇಷ್ಟೇ. ತಪಾಸಣೆಗೆ ಬಂದ ಸಾಹೇಬರು ನಿನ್ನ ಪಿಸ್ತೂಲಿನ ಮೇಲೆ ಕಂದು ಚುಕ್ಕೆ ನೋಡಿ, ಸರ್ಕಾರಿ ಆಯುಧವನ್ನು ನಿರ್ಲಕ್ಷಿಸಿದ್ದೀ ಎಂದು ಮೆಮೊ ಕೊಟ್ಟಿದ್ದಾರೆ. ಬರುವ ಬುಧವಾರದೊಳಗೆ ಉತ್ತರ ಕೊಡಬೇಕು. ಪಿಎಸ್ಐ ಆಗಿ ಪ್ರೊಬೇಷನ್ ಮುಗಿಯಲು ಎರಡು ತಿಂಗಳಿರುವಾಗ ಇಂಥ ಕಾಗದ ಫೈಲಿನಲ್ಲಿ ಕೂತರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಾನು ಅಂದದ್ದೇನು? "ಮೂವತ್ತೊಂದು ವರ್ಸ ಪೊಲೀಸ್ ಆರ್ಮರರ್ ಆಗಿ ಆಯುಧ ನೋಡ್ಕೊಂಡಾಂವನ ಮಗಳು ನೀ. ಒಂದು ಪಿಸ್ತೂಲು ಒರಸಾಕ ಬರೂದಿಲ್ಲಂದ್ರ ಯೂನಿಫಾರ್ಮ್ ಯಾಕ ಹಾಕ್ಕೊಂಡಿ?" ನೀನು "ದಿನಾ ಒರಸ್ತೇನಪ್ಪಾ" ಅಂದೆ. ನಾನು ನಂಬದೆ ಮಾಲಿಂಗಪ್ಪನ ಕಥೆಯನ್ನು ಮತ್ತೊಮ್ಮೆ ಶುರು ಮಾಡಿದೆ. ನೀನು ಫೋನ್ ಇಟ್ಟುಬಿಟ್ಟೆ. ಇಟ್ಟದ್ದು ಒಳ್ಳೆಯದಾಯಿತು.

ಮೊದಲು ಕೆಲಸದ ಮಾತು. ನೀನು ಹಿಂದಕ್ಕೆ ಎಳೆದು ಬಿಡುವ ಆ ಮೇಲಿನ ಭಾಗ, ಸ್ಲೈಡು, ಎಲ್ಲ ಪಿಸ್ತೂಲಿನಲ್ಲೂ ಕಪ್ಪಗೇ ಕಂಡರೂ ಕಪ್ಪೆಲ್ಲ ಒಂದೇ ಅಲ್ಲ. ನಿನ್ನದು ಹಳೆಯದು, ಬ್ಲೂಯಿಂಗ್ ಮಾಡಿದ್ದು. ಕ್ಷಾರದ ಉಪ್ಪುಗಳ ಕುದಿನೀರಿನಲ್ಲಿ ಅದ್ದಿ ಉಕ್ಕಿನ ಮೈಯನ್ನೇ ಕಪ್ಪಾಗಿಸಿರುತ್ತಾರೆ. ನೋಡಲು ಅದರಷ್ಟು ಚೆಂದ ಇನ್ನೊಂದಿಲ್ಲ, ತಾಳಿಕೆಯಲ್ಲಿ ಅದರಷ್ಟು ಬಡವನೂ ಇಲ್ಲ. ಎಣ್ಣೆ ಇರುವತನಕ ಅದರ ಆಯುಷ್ಯ. ಫಾಸ್ಫೇಟ್ ಮಾಡಿದ್ದು ಬೂದು ಬಣ್ಣ, ಕೈಗೆ ಒರಟು. ಬಿಸಿ ರೊಟ್ಟಿ ಎಣ್ಣೆ ಕುಡಿದಂತೆ ಎಣ್ಣೆಯನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಚಂದವಿಲ್ಲ, ಆದರೆ ನಂಬಬಹುದು. ಕ್ರೋಮು, ನಿಕಲ್ಲು ಹಿತ್ತಾಳೆ ಪಾತ್ರೆಯ ಕಲಾಯಿ ಇದ್ದಂತೆ, ಮೇಲೆ ಹೊದಿಸಿದ್ದು. ಗಟ್ಟಿ ಕ್ರೋಮು ಬೆವರಿಗೆ ಜಗ್ಗುವುದಿಲ್ಲ. ನಿಕಲ್ಲು ಒಂದು ಕಡೆ ಎದ್ದಿತೆಂದರೆ ತುಕ್ಕು ಅದರ ಕೆಳಗೇ ನುಗ್ಗುತ್ತದೆ. ಈಗಿನ ಹೊಸ ಪಿಸ್ತೂಲುಗಳಿಗೆ ನೈಟ್ರೈಡ್ ಮಾಡುತ್ತಾರೆ. ಅದು ಹೊದಿಕೆಯಲ್ಲ, ಕಾಯಿಸಿ ಉಕ್ಕಿನ ಚರ್ಮದೊಳಕ್ಕೇ ಇಳಿಸುವುದು. ನಿನ್ನ ಅಮ್ಮನ ಮೊಣಕೈ ಮೇಲಿನ ಹಚ್ಚೆ ನೆನಪಿದೆಯಲ್ಲ, ಎಷ್ಟು ತಿಕ್ಕಿದರೂ ಹೋಗುತ್ತಿತ್ತೇ? ಹಾಗೆ. ಮೇಲಿನ ಕಪ್ಪು ಸವೆದರೂ ಒಳಗಿನ ಕಾವಲು ಉಳಿದಿರುತ್ತದೆ.

ನನಗೆ ಮೊದಲು ಸಂಶಯ ಬಂದದ್ದು ಖಂಡೇನವಮಿಯ ಮೇಲೆ. ಆಯುಧಪೂಜೆಯ ದಿನ ಹಸಿ ಕುಂಕುಮ ಹಚ್ಚಿ, ಅಂದೇ ಒರೆಸಿದರೆ ದೇವಿ ಮುನಿಯುತ್ತಾಳೆಂದು ಹಾಗೇ ಬಿಡುತ್ತಾರೆ. ನಮ್ಮ ಆಯುಧದ ಕೋಣೆಯಲ್ಲೂ ಪ್ರತಿ ವರ್ಷ ಇದೇ ಗೋಳು. ಮರುವಾರ ಬ್ಲೂಯಿಂಗ್ ಮಾಡಿದವಕ್ಕೆಲ್ಲ ಹಣೆಯ ಮೇಲೆ ದುಂಡನೆಯ ಕಲೆ, ಫಾಸ್ಫೇಟಿನವಕ್ಕೆ ಅಲ್ಲೊಂದು ಇಲ್ಲೊಂದು, ಕ್ರೋಮಿಗೆ ಏನೂ ಇಲ್ಲ. ಆದರೆ ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ಕಲೆ ದುಂಡಗಿಲ್ಲ. ಸಿಟ್ಟಿನಲ್ಲಿ ನಾನದನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ಇನ್ನು ಮಾಲಿಂಗಪ್ಪ. ನಿನಗೆ ಆ ಕಥೆ ಬಾಯಿಪಾಠ. ಅವನು ನಾಗನೂರಿನ ಹುಡುಗ, ಹೊಸ ಕಾನ್ಸ್ಟೇಬಲ್. ತಿಂಗಳಿಗೊಮ್ಮೆ ಅವನ ಪಿಸ್ತೂಲಿಗೆ ತುಕ್ಕು. "ಒರಸ್ತೇನ್ರಿ ಸಾಹೇಬ್ರ" ಅನ್ನುತ್ತಿದ್ದ, ನಾನು ನಂಬುತ್ತಿರಲಿಲ್ಲ. ಮೂರನೆಯ ಸಲ ಮೇಲಿನವರಿಗೆ ರಿಪೋರ್ಟ್ ಬರೆದೆ. ಬಿಸಿಲಿನಲ್ಲಿ ಒಂದು ವಾರ ಶಿಕ್ಷೆಯ ಪರೇಡು ಮಾಡಿಸಿದರು. ಅಲ್ಲಿಂದ ಮುಂದೆ ಅವನ ಪಿಸ್ತೂಲು ಕನ್ನಡಿಯಂತಾಯಿತು. ಇಪ್ಪತ್ತಾರು ವರ್ಷ ನಾನು ಇದನ್ನು ಹೊಸಬರಿಗೆಲ್ಲ ಹೇಳಿದೆ, ನಿನಗೂ ಹೇಳಿದೆ. ಶಿಸ್ತಿಗಿಂತ ದೊಡ್ಡ ಎಣ್ಣೆ ಇಲ್ಲ ಅನ್ನುತ್ತಿದ್ದೆ.

ಮೊನ್ನೆ ಸೋಮವಾರ ನಾಗನೂರಿನ ಬಸ್ಸು ಹತ್ತಿದೆ. ನಾನು ಹೋದದ್ದು ಒಳ್ಳೆಯ ಕೆಲಸಕ್ಕಲ್ಲ. ಅವನ ಬಾಯಿಂದಲೇ ನಿನಗೆ ಫೋನಿನಲ್ಲಿ ಎರಡು ಬುದ್ಧಿಮಾತು ಹೇಳಿಸಬೇಕು ಎಂಬ ಹಟ. ಅವನೂ ಈಗ ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ತಗೊಂಡು ಊರಲ್ಲಿದ್ದಾನೆ. ಗೋವಿನಜೋಳ ಒಣಹಾಕಿಕೊಂಡು ಅಂಗಳದಲ್ಲಿ ಕೂತಿದ್ದ. ಚಹಾ ಕುಡಿದು ನಿನ್ನ ಮೆಮೊದ ವಿಷಯ ಹೇಳಿದೆ. ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಎರಡೂ ಅಂಗೈ ನನ್ನ ಮುಂದೆ ಹಿಡಿದ.

"ಖರೆ ಹೇಳ್ಲೇನ್ರಿ ಸಾಹೇಬ್ರ? ನನ್ನ ಪಿಸ್ತೂಲು ನೆಟ್ಟಗಾಗಿದ್ದು ನಿಮ್ಮ ಪರೇಡಿನಿಂದ ಅಲ್ರಿ. ವೈನಿಯವರಿಂದ."

ಅವನು ವೈನಿ ಅಂದದ್ದು ನಿನ್ನ ಅಮ್ಮನಿಗೆ. ಕ್ವಾರ್ಟರ್ಸಿನಲ್ಲಿ ಅವಳು ಹುಡುಗರ ಖಾಕಿ ಅಂಗಿಗಳ ಅಳತೆ ಸರಿಮಾಡಿ ಕೊಡುತ್ತಿದ್ದಳಲ್ಲ. ಶಿಕ್ಷೆ ಮುಗಿದ ವಾರ ಇವನು ಅಂಗಿ ತಗೊಂಡು ಹೋಗಿದ್ದಾನೆ, ಮುಖ ಬಾಡಿಸಿಕೊಂಡು. ಅವಳು ಕೇಳಿದ್ದಾಳೆ, ಇವನು ಹೇಳಿದ್ದಾನೆ. ಆಗ ಅವಳು ಅವನ ಸೊಂಟದ ಬೆಲ್ಟಿನ ಬಕಲ್ಲಿನ ಮೇಲಿನ ತುಕ್ಕು ನೋಡಿ ಅಂದಳಂತೆ:

"ತಮ್ಮಾ, ನಿನ್ನ ಬೆವರು ನನ್ನಂಥಾದ್ದು ಐತಿ. ನನ್ನ ಕೈಯಾಗ ಸೂಜಿ ಎಂಟು ದಿನ ಬಾಳೂದಿಲ್ಲ. ನೀ ಎಷ್ಟು ಒರಸಿದ್ರ ಏನ್ ಬಂತು, ಒರಸೂದು ಅದ ಕೈ ಅಲ್ಲೇನು?"

ಮೆತ್ತನೆಯ ಫ್ಲಾನೆಲ್ ಬಟ್ಟೆಯಲ್ಲಿ ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಚೀಲದಂತೆ ಹೊಲಿದು, ಎರಡನ್ನೂ ಪಟ್ಟಿಯಿಂದ ಜೋಡಿಸಿ ಕೊಟ್ಟಳಂತೆ. ಇದಕ್ಕೆ ಒಂದು ಹನಿ ಎಣ್ಣೆ ಬಿಟ್ಟುಕೊಂಡು ಕೊನೆಯಲ್ಲಿ ಒರೆಸು, ಆಮೇಲೆ ಬರಿಗೈಯಿಂದ ಮುಟ್ಟಬೇಡ ಎಂದು ಹೇಳಿಕೊಟ್ಟಳಂತೆ. ಮಾಲಿಂಗಪ್ಪ ಹೊರಡುವಾಗ ಇನ್ನೊಂದು ಮಾತು ಅಂದಳಂತೆ. "ನಮ್ಮವರಿಗೆ ಹೇಳಬ್ಯಾಡ. ತಮ್ಮಿಂದನ ಹುಡುಗ ಸುಧಾರಿಸಿದ ಅಂತ ತಿಳಕೊಳ್ಳಲಿ, ಖುಷಿ ಆಗ್ತಾರ."

ಖುಷಿ ಆದೆ ನೋಡು ಮಗಳೇ, ಇಪ್ಪತ್ತಾರು ವರ್ಷ.

ಮಾಲಿಂಗಪ್ಪನ ಕೈ ಹಿಡಿದು ತಪ್ಪಾಯಿತು ಅಂದೆ. "ಬಿಡ್ರಿ, ಆ ಬಿಸಿಲು ಯಾವಾಗೋ ಇಳದು ಹೋತು" ಅಂದ. ಬಸ್ಸಿಗೆ ಬಿಡಲು ಬಂದು ಮೂರು ಕಿಲೋ ಗೋವಿನಜೋಳ ಕಟ್ಟಿಕೊಟ್ಟ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಮನೆಗೆ ಬಂದವನೇ ನಿನ್ನ ಫೋಟೋ ದೊಡ್ಡದು ಮಾಡಿ ನೋಡಿದೆ. ಈಗ ಉತ್ತರದಲ್ಲಿ ಏನು ಬರೆಯಬೇಕೆಂದು ಕೇಳು. ಪಿಸ್ತೂಲಿಡುವ ಚರ್ಮದ ಒರೆಯ ತೇವದಿಂದ ತುಕ್ಕು ಬಂದಿದ್ದರೆ ಸ್ಲೈಡಿನ ಎರಡೂ ಬದಿಗೆ ಸಮನಾಗಿ ಹರಡಬೇಕಿತ್ತು. ನಿನ್ನದರಲ್ಲಿ ಎಡಕ್ಕೆ ಹಿಂದೆ ಒಂದು ಹೆಬ್ಬೆರಳಿನ ಗುರುತು, ಬಲಕ್ಕೆ ಎರಡು ಬೆರಳಿನ ಗುರುತು, ನೀನು ಹಿಡಿದು ಎಳೆಯುವ ಜಾಗದಲ್ಲಿಯೇ. ಉಳಿದ ಮೈ ಸ್ವಚ್ಛ, ನಳಿಕೆ ಸ್ವಚ್ಛ. ದಿನಾ ಒರೆಸದವರ ಪಿಸ್ತೂಲು ಹೀಗಿರುವುದಿಲ್ಲ. ನಿಮ್ಮ ಆರ್ಮರರ್ ಕಡೆಯಿಂದ ಇದನ್ನೇ ಬರೆಸಿ ಲಗತ್ತಿಸು. ಬೇಕಾದರೆ ಹತ್ತು ದಿನ ನಿನಗೆ ಬೇರೆ ಬ್ಲೂಯಿಂಗ್ ಪಿಸ್ತೂಲು, ನಿನ್ನದನ್ನು ಬೇರೆಯವರಿಗೆ ಕೊಟ್ಟು ನೋಡಲಿ. ನಿನ್ನ ಬೆವರೂ ನಿನ್ನ ಅಮ್ಮನಂಥದೇ, ತುಕ್ಕು ನಿನ್ನ ಬೆರಳಿನ ಹಿಂದೆ ಬರುತ್ತದೆ. ನಿನ್ನ ಠಾಣೆ ಇರುವ ಕರಾವಳಿಯ ಉಪ್ಪುಗಾಳಿಯೂ ಸೇರಿದೆ ಎಂದು ಬರೆ. ಕೊನೆಗೆ ಫಾಸ್ಫೇಟ್ ಅಥವಾ ನೈಟ್ರೈಡ್ ಇರುವ ಪಿಸ್ತೂಲು ಕೊಡಿಸಬೇಕೆಂದು ವಿನಂತಿಸು. ಅಂಗಲಾಚಬೇಡ, ನೆಟ್ಟಗೆ ಬರೆ. ನೀನು ಏನೂ ತಪ್ಪು ಮಾಡಿಲ್ಲ.

ನೀನು ದಿನಾ ಒರೆಸುತ್ತಿದ್ದೆ. ನಾನು ನಂಬಬೇಕಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸವಣ್ಣ ನಿನ್ನ ಬೆನ್ನಿಗಿರಲಿ. ನಿನ್ನ ಕೈ ಹಿಡಿದದ್ದೆಲ್ಲ ಚೆನ್ನಾಗಲಿ. ದೀಪಾವಳಿಗೆ ರಜೆ ಸಿಕ್ಕರೆ ಬಾ, ಹೋಳಿಗೆ ಅಂಗಡಿಯದೇ ಆದರೂ ತುಪ್ಪ ಮನೆಯದು.

ಇಂತಿ ನಿನ್ನ ಅಪ್ಪ,
ವೀರಪ್ಪ

ತಾ.ಕ.: ಇಷ್ಟು ಬರೆದು ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ಒಂದು ಮಾತು ಉಳಿದಿದೆ. ನಿನ್ನ ಅಮ್ಮ ಮುಟ್ಟಿದ ಕತ್ತರಿ, ಈಳಿಗೆ, ಸೂಜಿ ಎಲ್ಲಕ್ಕೂ ತುಕ್ಕು ಬರುತ್ತಿತ್ತು. ಅವಳಿಗೆ ನಾನು ಇಟ್ಟ ಹೆಸರೇ 'ತುಕ್ಕಿನ ಕೈ'. ಕ್ವಾರ್ಟರ್ಸಿನ ಹೆಂಗಸರ ಮುಂದೆಯೂ ಹಾಗೇ ಕರೆಯುತ್ತಿದ್ದೆ, ತಮಾಷೆ ಎಂದು. ಒಂದು ಖಂಡೇನವಮಿಗೆ ಸಾಹೇಬರ ಹೆಂಡತಿ ಕುಂಕುಮದ ಬಟ್ಟಲನ್ನು ಇವಳ ಮುಂದೆ ಹಿಡಿದು, ಆರ್ಮರರ್ ಮನೆಯವರೇ ಮೊದಲು ಹಚ್ಚಲಿ ಅಂದರು. ನಿನ್ನ ಅಮ್ಮ ಲಕ್ಕವ್ವ ಎರಡೂ ಕೈ ಸೆರಗಿನೊಳಗೆ ಹಾಕಿಕೊಂಡು "ನನ್ನ ಕೈ ಬ್ಯಾಡ್ರಿ" ಅಂದಳು. ನಾನು ಪಕ್ಕದಲ್ಲೇ ಇದ್ದೆ. ನನ್ನ ಹೆಂಡತಿಗೆ ಆಯುಧದ ಬೆಲೆ ಗೊತ್ತು ಎಂದು ಹೆಮ್ಮೆಪಟ್ಟೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ಆ ಮಾತು ನನಗೆ ಕೇಳಿಸಿದ್ದು ಈ ಸೋಮವಾರ.

ನಾಗನೂರಿನಿಂದ ಬಂದು ಅವಳ ಹೊಲಿಗೆ ಮೆಷಿನ್ನಿನ ಖಾನೆ ತೆಗೆದೆ. ಅಂಥ ಬೆರಳುಚೀಲಗಳು ಮೂರು ಇದ್ದವು. ಎರಡು ದೊಡ್ಡವು, ಒಂದು ಸಣ್ಣದು. ಐದನೇ ಇಯತ್ತೆಯಲ್ಲಿ ಓದುವಾಗ ನಿನ್ನ ಕಂಪಾಸು ತುಕ್ಕು ಹಿಡಿದಾಗ ನಾನು ಬೈದು ಪೆಟ್ಟಿಗೆ ಎಸೆದಿದ್ದೆನಲ್ಲ. ಆಮೇಲೆ ಆ ಕಂಪಾಸಿಗೆ ಮತ್ತೆ ತುಕ್ಕು ಬರಲೇ ಇಲ್ಲ. ಬೈದದ್ದಕ್ಕೆ ನೆಟ್ಟಗಾದಳು ಎಂದುಕೊಂಡಿದ್ದೆ. ನೀವಿಬ್ಬರೂ ಸೇರಿ ನನ್ನನ್ನು ಖುಷಿಯಾಗಿ ಇಟ್ಟಿರಿ.

ದೊಡ್ಡವೆರಡನ್ನೂ ಇದರ ಜೊತೆ ಕಳಿಸಿದ್ದೇನೆ, ನಿನ್ನ ಬೆರಳಿಗೆ ಸರಿಹೋಗುತ್ತವೆ. ಸಣ್ಣದನ್ನು ಕೊಡುವುದಿಲ್ಲ. ಮೆಷಿನ್ನಿನ ಗಾಲಿಯ ನಿಕಲ್ಲು ಎದ್ದು ಅವಳ ಅಂಗೈ ತಾಗುತ್ತಿದ್ದ ಕಡೆ ತುಕ್ಕಿನ ಗುರುತು ಉಳಿದಿದೆ. ಮಾರ್ಕೆಟ್ಟಿನಲ್ಲಿ ಪ್ಲೇಟಿಂಗ್ ಮಾಡುವ ಸೋಮಶೇಖರ "ತಿಕ್ಕಿ ಹೊಸಾ ನಿಕಲ್ ಕೊಡ್ತೇನ್ರಿ ಕಾಕಾ" ಅಂದ. ಬೇಡ ಅಂದೆ. ನೀನು ಬಂದಾಗ ಅದರ ಮೇಲೆ ನಿನ್ನ ಕೈ ಇಡು.