ದಾಸಮಂಗಟ್ಟೆಯ ರೆಕ್ಕೆ

ನೆರಿಯ, ಬುಧವಾರ

ಪ್ರೀತಿಯ ಮುಂಡಪ್ಪ ಮಾವನಿಗೆ ಸಾತ್ವಿಕಾಳ ನಮಸ್ಕಾರ. ಹೊಸ ಶಾಲೆಗೆ ಬಂದು ಹತ್ತು ದಿನವಾಯಿತು. ಒಂದು ವಿಷಯ ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಈ ಕಾರ್ಡು.

ಇವತ್ತು ಪಾಠದ ನಡುವೆ, ಶಾಲೆಯ ಮಾಡಿನ ಹಂಚಿನ ಮೇಲೆ ಯಾರೋ ಗೆರಸೆಯಿಂದ ಜೋರಾಗಿ ಗಾಳಿ ಬೀಸಿದಂಥ ಶಬ್ದ ಕೇಳಿತು. ಬೆಚ್ಚಿ ಹೊರಗೆ ಓಡಿದರೆ, ಎದುರಿನ ಗೋಳಿಮರಕ್ಕೆ ದೊಡ್ಡ ಕೊಕ್ಕಿನ ಜೋಡಿ ದಾಸಮಂಗಟ್ಟೆಗಳು ಬಂದಿಳಿಯುತ್ತಿದ್ದವು. "ಟೀಚರ್, ಅದು ರೆಕ್ಕೆಯ ಶಬ್ದ, ಇನ್ನು ಗೋಳಿಹಣ್ಣು ಮುಗಿಯುವವರೆಗೆ ದಿನಾ ಉಂಟು" ಎಂದು ಮಕ್ಕಳು ನಕ್ಕರು.

ನನಗೆ ನಗು ಬರಲಿಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ, ವರ್ಷದಲ್ಲಿ ಯಾರು ಹೆಚ್ಚು ಕಾಣುತ್ತಾರೆಂಬ ನಮ್ಮಿಬ್ಬರ ಪಂದ್ಯದ ಹಕ್ಕಿ-ಪ್ರಾಣಿಗಳ ಪಟ್ಟಿಯಲ್ಲಿ ನೀವು ಒಂದು ಮುಂಗುಸಿಯಿಂದ ಮುಂದಿದ್ದಿರಿ. ಡಿಸೆಂಬರ್ ಮೂವತ್ತೊಂದಕ್ಕೆ, ಕನ್ಯಾನದ ಗುಡ್ಡೆಯಲ್ಲಿ ದಾಸಮಂಗಟ್ಟೆ ಕಂಡೆನೆಂದು ನಾನು ಸುಳ್ಳು ಹೇಳಿದೆ. "ಹಾರುವಾಗ ಶಬ್ದ ಹೇಗಿತ್ತು ಮಗಾ?" ಎಂದು ಕೇಳಿದಿರಿ. "ಶಬ್ದ ಇರ್ಲೇ ಇಲ್ಲ ಮಾವ" ಎಂದೆ. ನೀವು ಅದನ್ನು ಪಟ್ಟಿಯ ಪುಸ್ತಕದಲ್ಲಿ ನನ್ನ ಹೆಸರಿಗೆ ಬರೆದಿರಿ. ಆಮೇಲೆ ಇಷ್ಟು ವರ್ಷ ನಾನು ಹೇಳಿದ ಯಾವ ಹಕ್ಕಿಯ ಬಗ್ಗೆಯೂ ನೀವು ಏನೂ ಕೇಳಲಿಲ್ಲ. ನಂಬಿಕೆ ಎಂದುಕೊಂಡಿದ್ದೆ. ನಿಮಗೆ ಅಂದೇ ಗೊತ್ತಾಗಿತ್ತು.

ಇಲ್ಲಿ ಊಟಕ್ಕೆ ತೊಂದರೆ ಇಲ್ಲ, ಶೀತ ಸ್ವಲ್ಪ ಉಂಟು. ನಿಮ್ಮ ಕಣ್ಣಿನ ಡ್ರಾಪ್ಸ್ ತಪ್ಪಿಸಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಆ ವರ್ಷದ ದಾಸಮಂಗಟ್ಟೆಗೆ ಗೀಟು ಎಳೆದುಬಿಡಿ. ಇವತ್ತಿನದನ್ನು ಬರೆಯುವ ಮೊದಲು, ಮಾವ, ನನ್ನನ್ನು ಏನಾದರೂ ಕೇಳಿ.

ನಿಮ್ಮ ಸಾತ್ವಿ